ಮನೆಯಿಂದ ಕೊಟ್ಟಿಗೆಗೆ ನೆಲದಡಿ ಕರೆಂಟು: ಕೇಬಲ್ ಆರಿಸುವ ಮೊದಲು ನೆಲ ನೋಡಿ

ದೀಪಾವಳಿ ಕಳೆದು ನೆಲ ತುಸು ಆರುತ್ತಿದ್ದ ಹಾಗೆ ನನಗೆ ಬರುವ ಫೋನುಗಳ ಧಾಟಿಯೇ ಬೇರೆಯಾಗುತ್ತದೆ. ಮಳೆಗಾಲದಲ್ಲಿ "ಕೊಟ್ಟಿಗೆಗೆ ಕರೆಂಟಿಲ್ಲೆ, ಬಂದು ನೋಡು" ಎನ್ನುತ್ತಿದ್ದವರೇ ಈಗ "ತಮಾ, ಈ ಸಲ ಲೈನು ನೆಲದಡಿಗೇ ಹಾಕವು ಹೇಳಿ ಮಾಡಿದ್ದಿ. ಯಾವ ವಯರ್ ತಂದ್ರೆ ಅಡ್ಡಿಲ್ಲೆ?" ಎಂದು ಕೇಳುತ್ತಾರೆ. ಶಿರಸಿ ಸುತ್ತಮುತ್ತ ಇಪ್ಪತ್ತು ವರ್ಷದಿಂದ ವಯರಿಂಗ್ ಮಾಡಿಕೊಂಡಿದ್ದೇನೆ, ಆಗಾಗ ಘಟ್ಟ ಇಳಿದು ಕುಮಟಾ, ಅಂಕೋಲಾ ಕಡೆಗೂ ಹೋಗುತ್ತೇನೆ. ಈ ಪ್ರಶ್ನೆಗೆ ಫೋನಿನಲ್ಲೇ ಉತ್ತರ ಹೇಳಿದ್ದು ಕಡಿಮೆ.

ಕೇಳುವವರ ಕೈಯಲ್ಲಿ ಆಗಲೇ ಮೂರು ಸಲಹೆ ಇರುತ್ತವೆ. ಅಂಗಡಿಯವರು ಉಕ್ಕಿನ ಹೊದಿಕೆಯ ಆರ್ಮರ್ಡ್ ಕೇಬಲ್ ಎಂದಿರುತ್ತಾರೆ. ಪಕ್ಕದ ಮನೆಯವರು ಕರಿ ಪೈಪಿನಲ್ಲಿ ಬೋರ್‌ವೆಲ್ಲಿನ ಫ್ಲ್ಯಾಟ್ ಕೇಬಲ್ ಎಳೆದು ಹತ್ತು ವರ್ಷವಾಯ್ತು, ಏನೂ ಆಗಿಲ್ಲ ಎಂದಿರುತ್ತಾರೆ. ಬೆಂಗಳೂರಿನಲ್ಲಿರುವ ಮಗ ಸೋಲಾರ್ ಹಾಕಿಸಿಬಿಡಿ ಎಂದಿರುತ್ತಾನೆ. ಮೂವರದ್ದೂ ತಪ್ಪಲ್ಲ. ಅವರವರ ನೆಲಕ್ಕೆ, ಅವರವರ ಲೋಡಿಗೆ ಅದು ಸರಿ. ನಿಮ್ಮ ನೆಲಕ್ಕೆ ಸರಿಯೋ ಅಂತ ನೋಡುವ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಕೆಲಸವನ್ನು ನೀವೇ ಮಾಡಿಕೊಳ್ಳಿ ಎನ್ನುತ್ತಿಲ್ಲ, ಅದು ಪರವಾನಗಿ ಇರುವ ಗುತ್ತಿಗೆದಾರರ ಕೈಯಿಂದಲೇ ಆಗಬೇಕು. ಆದರೆ ಏನು ಮಾಡಿಸಬೇಕು ಎಂಬುದು ನಿಮಗೆ ಗೊತ್ತಿದ್ದರೆ ಅವರ ಕೆಲಸವೂ ನೆಟ್ಟಗಾಗುತ್ತದೆ.

ಮೊದಲು ಅಳೆಯಬೇಕಾದ್ದು

ದೂರ ಮತ್ತು ಲೋಡು, ಇವೆರಡನ್ನು ಒಟ್ಟಿಗೇ ನೋಡಬೇಕು. ಕಣ್ಣಳತೆ ಬೇಡ, ಟೇಪು ಹಿಡಿಯಿರಿ. ಅಂಗಳದ ಮೂಲೆಯಿಂದ ಕೊಟ್ಟಿಗೆ "ಇಲ್ಲೇ ಇದೆ" ಅನಿಸುತ್ತದೆ. ಮೀಟರ್ ಬೋರ್ಡಿನಿಂದ ಗೋಡೆ ಇಳಿದು, ಧರೆ ಸುತ್ತಿ, ಕೊಟ್ಟಿಗೆಯ ಬೋರ್ಡಿಗೆ ಹತ್ತುವ ಹೊತ್ತಿಗೆ 60 ಮೀಟರ್ ಆಗಿರುತ್ತದೆ.

ಲೆಕ್ಕ ಹೀಗೆ. ತಾಮ್ರದ 2.5 ಚದರ ಮಿ.ಮೀ. ತಂತಿಗೆ (ಅಂಗಡಿಯಲ್ಲಿ ಬರೀ 'ಎರಡೂವರೆ ಎಂಎಂ' ಎನ್ನುತ್ತಾರೆ) ಕಿಲೋಮೀಟರಿಗೆ 7.41 ಓಮ್ ರೆಸಿಸ್ಟೆನ್ಸ್. 4ರ ತಂತಿಗೆ 4.61, 6ಕ್ಕೆ 3.08, 10ಕ್ಕೆ 1.83. ಕರೆಂಟು ಹೋಗಿ ವಾಪಸ್ಸು ಬರಬೇಕಾದ್ದರಿಂದ 60 ಮೀಟರಿಗೆ 120 ಮೀಟರ್ ತಂತಿ ಎಂದು ಹಿಡಿಯಬೇಕು. ಅಡಿಕೆ ಸುಲಿಯುವ ಯಂತ್ರಕ್ಕೋ ಹುಲ್ಲು ಕತ್ತರಿಸುವ ಯಂತ್ರಕ್ಕೋ ಸಿಂಗಲ್ ಫೇಸಿನ 2 ಎಚ್‌ಪಿ ಮೋಟರ್ ಇದ್ದರೆ ಓಡುವಾಗ ಸುಮಾರು 12 ಆಂಪಿಯರ್ ಎಳೆಯುತ್ತದೆ. ಎರಡೂವರೆಯ ತಂತಿಯಲ್ಲಿ ದಾರಿಯಲ್ಲೇ ಹತ್ತು ಹನ್ನೊಂದು ವೋಲ್ಟ್ ಕಳೆದುಹೋಗುತ್ತದೆ. 4ರಲ್ಲಿ ಆರೂವರೆ, 6ರಲ್ಲಿ ನಾಲ್ಕೂವರೆಯ ಒಳಗೆ. 230 ವೋಲ್ಟಿಗೆ ಶೇಕಡಾ ಮೂರು, ಅಂದರೆ 7 ವೋಲ್ಟಿನೊಳಗೆ ಇರಲಿ ಎನ್ನುವುದು ನಾನು ಹಿಡಿದುಕೊಂಡ ಮಿತಿ.

ಹತ್ತು ವೋಲ್ಟ್ ಹೋದರೆ ಏನಾಯ್ತು ಎಂದು ಕೇಳುತ್ತಾರೆ. ಓಡುವಾಗ ದೊಡ್ಡದೇನಲ್ಲ, ಕಷ್ಟ ಇರುವುದು ಸ್ಟಾರ್ಟ್ ಆಗುವಾಗ. ಆ ಒಂದು ಗಳಿಗೆ ಮೋಟರ್ ಐದಾರು ಪಟ್ಟು ಕರೆಂಟು ಕೇಳುತ್ತದೆ. ಐದು ಪಟ್ಟು ಎಂದೇ ಹಿಡಿದರೂ ಎರಡೂವರೆಯ ತಂತಿಯಲ್ಲಿ ಐವತ್ತು ವೋಲ್ಟ್ ಮೇಲೆ ಇಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಸಂಜೆ ಮೀಟರಿನಲ್ಲೇ 190 ಇದ್ದರೆ ಪುಣ್ಯ. ಅದರಲ್ಲಿ ಐವತ್ತು ಕಳೆದರೆ ಮೋಟರ್ ಗುಂಯ್ ಎನ್ನುತ್ತ ನಿಲ್ಲುತ್ತದೆ, ಆಮೇಲೆ ಸುಟ್ಟ ವಾಸನೆ ಬರುತ್ತದೆ. ಮೋಟರ್ ಕಂಪನಿಯನ್ನು ಬೈದವರೇ ಹೆಚ್ಚು, ತಂತಿಯನ್ನು ಬೈದವರು ಇಲ್ಲ.

ಕೊಟ್ಟಿಗೆಗೆ ಎರಡು ಎಲ್ಇಡಿ, ಒಂದು ಫ್ಯಾನು, ಒಂದು ಪ್ಲಗ್ ಇಷ್ಟೇ ಸಾಕು ಎನ್ನುವವರಿಗೆ ಅದೇ 60 ಮೀಟರಿಗೆ ಎರಡೂವರೆ ಧಾರಾಳ ಆಯ್ತು. ಗೀಸರ್, ಎಸಿ ಇರುವ ಅತಿಥಿ ಕೋಣೆಗಾದರೆ 22 ಆಂಪಿಯರ್ ತನಕ ಹೋಗುತ್ತದೆ. ಆಗ 6ರ ತಂತಿಯೂ ಎಂಟು ವೋಲ್ಟ್ ತಿನ್ನುತ್ತದೆ, 10ಕ್ಕೆ ಹೋಗಬೇಕು.

ಎರಡನೆಯದು ನೆಲ. ಘಟ್ಟದ ಮೇಲೆ ಮನೆಯ ಸುತ್ತ ಚಿರೆಕಲ್ಲು. ಒಂದಡಿ ಮಣ್ಣಿನ ಕೆಳಗೆ ಕಲ್ಲಿನ ಹಾಸು ಸಿಕ್ಕರೆ ಎರಡೂವರೆ ಅಡಿ ತೋಡುವ ಮಾತೇ ಬೇರೆ. ಅದೇ ಕೆಳಗೆ ತೋಟದಲ್ಲಿ ಮೆತ್ತನೆ ಮಣ್ಣು, ಆದರೆ ವರ್ಷದ ಆರು ತಿಂಗಳು ನೀರು ಬಸಿಯುತ್ತಿರುತ್ತದೆ. ಕರಾವಳಿಯಲ್ಲಿ ಮರಳು, ತೋಡಿದಷ್ಟೂ ಬದಿ ಕುಸಿಯುತ್ತದೆ, ಆಷಾಢದಲ್ಲಿ ಎರಡಡಿಗೆ ನೀರು ಬರುತ್ತದೆ. ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಬದಿಗಾದರೆ ಆ ನೀರೂ ಉಪ್ಪು.

ಮೂರನೆಯದು ಇಳಿಜಾರು, ಇದನ್ನು ಹೆಚ್ಚಿನವರು ಮರೆಯುತ್ತಾರೆ. ಮನೆ ಮೇಲೆ, ತೋಟ ಮತ್ತು ಕೊಟ್ಟಿಗೆ ಕೆಳಗೆ, ಇದು ನಮ್ಮ ಊರುಗಳ ಹದ. ಇಳಿಜಾರಿನಲ್ಲಿ ಹೂತ ಯಾವ ಪೈಪೂ ಮಳೆಗಾಲದಲ್ಲಿ ನೀರಿನ ಪೈಪೇ. ಒಂದು ಆಟಿ ಮಳೆಯಲ್ಲಿ ಸಿದ್ದಾಪುರ ಕಡೆಯ ಒಂದು ಕೊಟ್ಟಿಗೆಯ ಬೋರ್ಡು ಬಿಚ್ಚಿದ್ದೆ. ಮೇಲೆ ಮಾಡು ಸೋರುತ್ತಿಲ್ಲ, ಗೋಡೆ ಒಣಗಿದೆ, ಆದರೆ ಬೋರ್ಡಿನೊಳಗೆ ಎಂಸಿಬಿ ಕೆಳಗೆ ಒಂದೇ ಸಮನೆ ತೊಟತೊಟ ಹನಿ. ಪೈಪಿನ ಬಾಯಲ್ಲಿ ಹೆಬ್ಬೆರಳಿನಷ್ಟು ಗಾತ್ರದ ಒಂದು ಕಪ್ಪೆ ಸುಖವಾಗಿ ಕೂತಿತ್ತು. ಮೇಲಿನ ಮನೆಯ ಅಂಗಳದ ನೀರು ಅಷ್ಟೂ ದೂರ ಪೈಪಿನೊಳಗೇ ಇಳಿದು ಬಂದು ಬೋರ್ಡಿಗೆ ಬೀಳುತ್ತಿತ್ತು. ಪೈಪು ಹಾಕಿದ್ದು ಬೇರೆ ಯಾರೂ ಅಲ್ಲ, ಐದು ವರ್ಷದ ಹಿಂದೆ ನಾನೇ.

ಉಳಿದವು ಸಣ್ಣ ಪ್ರಶ್ನೆಗಳು. ಮೇಲೆ ಟ್ರ್ಯಾಕ್ಟರ್, ಅಡಿಕೆ ಗಾಡಿ ಓಡುತ್ತದೆಯೇ? ಕಾಡುಹಂದಿ ನೆಲ ಕೆದಕುವ ಜಾಗವೇ? ಮುಂದೆ ಕ್ಯಾಮರಾ, ಇನ್ವರ್ಟರ್ ಲೈನು ಬೇಕಾದೀತೇ? ಮತ್ತೆ ದುಡ್ಡು. ತಂತಿಯದ್ದನ್ನಷ್ಟೇ ಎಣಿಸಬೇಡಿ, 60 ಮೀಟರ್ ಎಂದರೆ ಹೆಚ್ಚುಕಡಿಮೆ 200 ಅಡಿ ಕಾಲುವೆ. ಜೆಸಿಬಿ ಹೋಗುವ ಜಾಗವಾದರೆ ಅರ್ಧ ದಿನ, ತೋಟದೊಳಗಾದರೆ ಹಾರೆ, ಪಿಕಾಸಿ, ಆಳು. ಎಷ್ಟೋ ಕಡೆ ಕಾಲುವೆಯ ಖರ್ಚು ಕೇಬಲ್ಲಿನ ಹತ್ತಿರ ಹತ್ತಿರ ಬರುತ್ತದೆ. ಹಾಗಾಗಿ ತಂತಿಯಲ್ಲಿ ಒಂದು ಅಳತೆ ಉಳಿಸಲು ಹೋಗಿ ಮತ್ತೆ ಅದೇ ಕಾಲುವೆ ಬಗೆಯುವುದು ನಷ್ಟದ ಬಾಬ್ತು.

ಮೇಲಿನಿಂದಲೇ ಎಳೆದರೆ?

ನೆಲದಡಿಯ ಮಾತಿಗೆ ಮೊದಲು ಇದನ್ನು ಮುಗಿಸೋಣ. ಕಂಬ ನೆಟ್ಟು, ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿಗೆ ಸರ್ವಿಸ್ ವಯರ್ ಕಟ್ಟಿ ಎಳೆಯುವುದು ಎಲ್ಲಕ್ಕಿಂತ ಅಗ್ಗ, ಒಂದೇ ದಿನದ ಕೆಲಸ. ಎಲ್ಲಿ ಕೆಟ್ಟಿತು ಎಂದು ಕಣ್ಣಿಗೆ ಕಾಣುತ್ತದೆ. ಬಯಲು ಅಂಗಳ ದಾಟಿ ಇಪ್ಪತ್ತು ಮೀಟರ್ ಆಚೆ ಇರುವ ಕಟ್ಟಿಗೆ ಮನೆಗೆ ಒಂದು ಬಲ್ಬು ಎಂದರೆ ನಾನೂ ಬೇಡ ಎನ್ನುವುದಿಲ್ಲ.

ಅಡಿಕೆ ತೋಟದೊಳಗೆ ಮಾತ್ರ ಖಂಡಿತ ಬೇಡ. ಸೋಗೆ ಬೀಳುತ್ತದೆ, ಗಾಳಿಗೆ ಮರವೇ ಬೀಳುತ್ತದೆ, ಅದು ಹಳೆಯ ಕತೆ. ಹೊಸತು ದೋಟಿ, ಅಂದರೆ ಕೊಯ್ಲಿನ ಉದ್ದ ಕೋಲು. ಈಗ ಕೊನೆಕೊಯ್ಲಿಗೂ (ಅಡಿಕೆ ಗೊನೆ ಕೊಯ್ಯುವುದು) ಕೊಳೆರೋಗದ ಮದ್ದು ಹೊಡೆಯುವುದಕ್ಕೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ಹಗುರ ಎಂದು ಎಲ್ಲರೂ ತರುತ್ತಿದ್ದಾರೆ. ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ, ಅಲ್ಯೂಮಿನಿಯಂ ದೋಟಿಯಲ್ಲಂತೂ ಕೇಳುವುದೇ ಬೇಡ. ಅರವತ್ತು ಅಡಿ ಎತ್ತಿ ಹಿಡಿದವನ ಕಣ್ಣು ಕೊನೆಯ ಮೇಲಿರುತ್ತದೆ, ತಂತಿಯ ಮೇಲಲ್ಲ. ಕರಾವಳಿಯ ಉಪ್ಪು ಗಾಳಿಗೆ ಜಿಐ ತಂತಿ ಬೇಗ ತುಕ್ಕು ಹಿಡಿಯುತ್ತದೆ ಎಂಬುದೂ ಇದೆ, ಆದರೆ ದೋಟಿಯ ಕಾರಣವೊಂದೇ ನನಗೆ ಸಾಕು.

ಪಿವಿಸಿ ಪೈಪಿನಲ್ಲಿ ಮನೆಯ ವಯರು

ನಾನು ಕಿತ್ತು ತೆಗೆದ ಹಳೆಯ ಲೈನುಗಳಲ್ಲಿ ಹೆಚ್ಚಿನವು ಇವೇ. ಮನೆಯೊಳಗೆ ಬಳಸುವ ಬಿಡಿ ವಯರನ್ನು ಪಿವಿಸಿ ಪೈಪಿನಲ್ಲಿ ತುರುಕಿ ಒಂದಡಿ ಆಳಕ್ಕೆ ಹೂಳುವುದು. ಮೊದಲ ವರ್ಷ ಚೆನ್ನಾಗಿಯೇ ಇರುತ್ತದೆ.

ಆ ವಯರಿಗೆ ಇರುವುದು ಒಂದೇ ತೊಗಲು. ಗೋಡೆಯೊಳಗಿನ ಒಣ ಪೈಪಿಗೆ ಮಾಡಿದ್ದು ಅದು, ನೀರಿನಲ್ಲಿ ಮುಳುಗಿ ಕೂರಲಿಕ್ಕೆ ಅಲ್ಲ. ಎಳೆಯುವಾಗ ಪೈಪಿನ ಅಂಚಿಗೆ ತರಚಿದ ಒಂದು ಗೀರು ಸಾಕು. ಪಿವಿಸಿ ಪೈಪು ಬರುವುದು ತುಂಡು ತುಂಡಾಗಿ, ಪ್ರತಿ ಜೋಡಣೆಯಲ್ಲೂ ನೀರು, ಅದರ ಹಿಂದೆ ಬೇರು. ಅಗ್ಗ ಎಂದು ಹಾಕಿ ನಾಲ್ಕನೇ ವರ್ಷಕ್ಕೆ ಕಾಲುವೆ ಬಗೆಯುವ ಬಾಬ್ತು ಇದು. ಯಾವ ಬಜೆಟ್ಟಿಗೂ ನಾನು ಇದನ್ನು ಹೇಳುವುದಿಲ್ಲ.

ಕರಿ ಪೈಪಿನಲ್ಲಿ ಫ್ಲ್ಯಾಟ್ ಕೇಬಲ್

ಪಕ್ಕದ ಮನೆಯವರು ಹೇಳಿದ್ದು ಇದು. ಅವರ ಮಾತಿನಲ್ಲಿ ಹುರುಳಿದೆ. ಬೋರ್‌ವೆಲ್ ಪಂಪಿಗೆ ಬಿಡುವ ಮೂರು ಎಳೆಯ ಚಪ್ಪಟೆ ಕೇಬಲ್ ಹುಟ್ಟಿದ್ದೇ ನೀರಿನಲ್ಲಿ ಇರಲು. ಪ್ರತಿ ಎಳೆಗೂ ಒಂದು ಇನ್ಸುಲೇಶನ್, ಮೂರಕ್ಕೂ ಸೇರಿ ಮೇಲೊಂದು ದಪ್ಪ ಕವಚ. ಎಚ್‌ಡಿಪಿಇ ಕರಿ ಪೈಪು ಸುರುಳಿಯಲ್ಲಿ ಬರುತ್ತದೆ, ನೂರು ಮೀಟರಿಗೂ ಜೋಡಣೆ ಇಲ್ಲ. ಒಂದೂವರೆ ಇಂಚಿನದು ತಂದು, ಹೂಳುವ ಮೊದಲೇ ಹಗ್ಗ ಹಾಯಿಸಿ ಕೇಬಲ್ ಎಳೆದುಬಿಟ್ಟರೆ ಕೆಲಸ ಸಲೀಸು. ನಾಳೆ ಕೇಬಲ್ ಕೆಟ್ಟರೆ ಅದನ್ನು ಎಳೆದು ತೆಗೆದು ಹೊಸದನ್ನು ಹಾಕಬಹುದು, ಕಾಲುವೆ ಮುಟ್ಟಬೇಕಿಲ್ಲ. ಇದು ದೊಡ್ಡ ಲಾಭ.

ತೊಡಕುಗಳೂ ಇವೆ. ಹೆಗ್ಗಣ ಕರಿ ಪೈಪನ್ನು ಕಡಿಯುತ್ತದೆ, ಪಿಕಾಸಿಯ ಒಂದೇ ಏಟು ಪೈಪು ಕೇಬಲ್ ಎರಡನ್ನೂ ಸೀಳುತ್ತದೆ. ಇನ್ನೊಂದು ತಮಾಷೆ ಅನಿಸುತ್ತದೆ, ಅಲ್ಲ. ಯಲ್ಲಾಪುರದ ಹತ್ತಿರ ಒಬ್ಬರ ತೋಟದಲ್ಲಿ ಸ್ಪ್ರಿಂಕ್ಲರ್ ಲೈನು ಸರಿ ಮಾಡಲು ಬಂದ ಆಳು ಮಣ್ಣಿನಲ್ಲಿ ಕರಿ ಪೈಪು ಕಂಡ, ನೀರಿನದೇ ಎಂದುಕೊಂಡು ಹ್ಯಾಕ್‌ಸಾ ಬ್ಲೇಡು ಹಚ್ಚಿದ. ಬ್ಲೇಡು ಒಳಗೆ ಹೋಗಿ ಕಿಡಿ ಹಾರಿತು, ಮನೆಯಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಬಿತ್ತು, ಆತ ಉಳಿದ. ಅಂದಿನಿಂದ ನಾನು ಕರೆಂಟಿಗೆ ಕರಿ ಪೈಪು ಹಾಕುವಲ್ಲೆಲ್ಲ ಮೀಟರಿಗೊಂದು ಕಡೆ ಕೆಂಪು ಟೇಪು ಸುತ್ತುತ್ತೇನೆ. ಕೈಯಲ್ಲಿ ಇನ್ನಷ್ಟು ದುಡ್ಡಿದ್ದರೆ ಕರಿ ಪೈಪಿನ ಬದಲು ಕೇಬಲ್ಲಿಗೆಂದೇ ಬರುವ ಡಿಡಬ್ಲ್ಯುಸಿ ಪೈಪು ಹಾಕಿ. ಹೊರಗೆ ಬಳೆ ಬಳೆ, ಒಳಗೆ ನುಣುಪು, ಸಾಮಾನ್ಯವಾಗಿ ಕಿತ್ತಳೆ ಬಣ್ಣ. ಯಾರೂ ನೀರಿನದೆಂದು ತಿಳಿಯುವುದಿಲ್ಲ.

ಫ್ಲ್ಯಾಟ್ ಕೇಬಲ್ಲಿನ ಎಳೆಗಳು ಕೆಂಪು, ಹಳದಿ, ನೀಲಿ. ಹಸಿರು ಇಲ್ಲ. ಯಾವುದನ್ನು ಅರ್ತ್ ಮಾಡುತ್ತೀರೋ ಅದಕ್ಕೆ ಎರಡೂ ತುದಿಯಲ್ಲಿ ಹಸಿರು ಸ್ಲೀವ್ ಹಾಕಿಸಿ. ಇಲ್ಲದಿದ್ದರೆ ಮುಂದೆ ಬರುವ ಇನ್ನೊಬ್ಬ ವಯರ್‌ಮನ್ ಅದಕ್ಕೇ ಫೇಸ್ ಕೊಟ್ಟಾನು.

ಆರ್ಮರ್ಡ್ ಕೇಬಲ್, ನೇರ ಮಣ್ಣಿಗೆ

ಎಳೆಗಳ ಮೇಲೆ ಒಂದು ಒಳಕವಚ, ಅದರ ಮೇಲೆ ಜಿಐ ತಂತಿಯದ್ದೋ ಪಟ್ಟಿಯದ್ದೋ ಉಕ್ಕಿನ ಹೊದಿಕೆ, ಅದರ ಮೇಲೆ ಮತ್ತೆ ಪಿವಿಸಿ. ಹೆಗ್ಗಣದ ಹಲ್ಲಿಗೆ ಬಗ್ಗುವುದಿಲ್ಲ. ಗುದ್ದಲಿ ತಾಗಿದರೆ ಹೆಚ್ಚಿನ ಸಲ ಹೊರಕವಚ ಹರಿಯುತ್ತದೆ, ಜೀವ ಹೋಗುವುದಿಲ್ಲ. ಪೈಪು ಬೇಡ. ಕೊಳ್ಳುವಾಗ ಐಎಸ್‌ಐ ಮಾರ್ಕಿನ ಜೊತೆ ಐಎಸ್ 7098 (ಎಕ್ಸ್‌ಎಲ್‌ಪಿಇ) ಅಥವಾ ಐಎಸ್ 1554 (ಪಿವಿಸಿ) ಎಂದು ಕೇಬಲ್ ಮೇಲೆ ಅಚ್ಚಾಗಿದೆಯೇ ನೋಡಿ. ಇವೆರಡು ಎಳೆಗಳ ಇನ್ಸುಲೇಶನ್ನಿನ ಬಗೆಗಳು. ಎಕ್ಸ್‌ಎಲ್‌ಪಿಇ ಹೆಚ್ಚು ಬಿಸಿ ತಡೆಯುತ್ತದೆ, ನಾನು ಅದನ್ನೇ ತರಿಸುತ್ತೇನೆ.

ಇದರ ಬೆಲೆ ಹೆಚ್ಚು ಎಂಬುದು ಅರ್ಧ ಸತ್ಯ. ಫ್ಲ್ಯಾಟ್ ಕೇಬಲ್ಲಿಗೆ ಪೈಪಿನ ದುಡ್ಡು ಕೂಡಿಸಿ ನೋಡಿ, ಅಂತರ ಕಡಿಮೆಯಾಗುತ್ತದೆ. ನಿಜವಾದ ತೊಡಕು ಬೇರೆ. ಒಮ್ಮೆ ಹೂತರೆ ಹೂತ ಹಾಗೆ, ದಪ್ಪ ಕೇಬಲ್ ಬೇಕೆಂದರೆ ಮತ್ತೆ ಕಾಲುವೆ. ಬಗ್ಗಿಸಲು ಕಷ್ಟ, ಕೇಬಲ್ಲಿನ ದಪ್ಪದ 12 ಪಟ್ಟು ತ್ರಿಜ್ಯಕ್ಕಿಂತ ಬಿಗಿಯಾಗಿ ತಿರುಗಿಸಬಾರದು. ಎರಡೂ ತುದಿಗೆ ಕೇಬಲ್ಲನ್ನು ಬೋರ್ಡಿಗೆ ಬಿಗಿಹಿಡಿಯುವ ಹಿತ್ತಾಳೆಯ ಗ್ಲ್ಯಾಂಡ್ ಕೂರಿಸಿ ಆ ಉಕ್ಕಿನ ಹೊದಿಕೆಯನ್ನು ಅರ್ತಿಗೆ ಸೇರಿಸಬೇಕು. ಗ್ಲ್ಯಾಂಡ್ ಇಲ್ಲದೆ ಹೊದಿಕೆಯನ್ನು ಕತ್ತರಿಸಿ ಬಿಟ್ಟ ಲೈನುಗಳನ್ನು ಬೇಕಾದಷ್ಟು ಕಂಡಿದ್ದೇನೆ. ಒಳಗೆ ಎಲ್ಲೋ ಫೇಸ್ ತಾಗಿದರೆ ಆ ಉಕ್ಕು ಇಡೀ ಉದ್ದಕ್ಕೂ ಜೀವಂತ ಆಗುತ್ತದೆ.

ಎರಡು ಎಳೆಯದು ತಂದು ಹೊದಿಕೆಯನ್ನೇ ಅರ್ತ್ ಮಾಡಿದರೆ ದುಡ್ಡು ಉಳಿಯುತ್ತದೆ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಮೂರು ಎಳೆಯದೇ ಸರಿ. ಉಕ್ಕು ತುಕ್ಕು ಹಿಡಿಯುತ್ತದೆ, ಹಿಡಿದದ್ದು ಮೇಲೆ ಕಾಣುವುದಿಲ್ಲ.

ಹೂಳುವ ಕ್ರಮಕ್ಕೆ ಐಎಸ್ 1255 ಇದೆ. ನಮ್ಮ ಮನೆಯ ವೋಲ್ಟೇಜಿನ ಕೇಬಲ್ಲಿಗೆ ಕನಿಷ್ಠ 75 ಸೆಂ.ಮೀ. ಆಳ, ವಾಹನ ದಾಟುವಲ್ಲಿ ಒಂದು ಮೀಟರ್. ಕೆಳಗೆ ಮೂರಿಂಚು ಮರಳು, ಕೇಬಲ್, ಮೇಲೆ ಮತ್ತೆ ಮೂರಿಂಚು ಮರಳು, ಅದರ ಮೇಲೆ ಇಟ್ಟಿಗೆ. ಇಟ್ಟಿಗೆ ತರಿಸುವುದು ದುಬಾರಿ ಎನಿಸಿದರೆ ಅಟ್ಟದ ಮೇಲೆ ಬಿದ್ದ ಹಳೆಯ ಮಂಗಳೂರು ಹೆಂಚು ಜೋಡಿಸಿ, ಒಡೆದ ಚಿರೆಕಲ್ಲಾದರೂ ಆದೀತು. ಅಗೆಯುವವನಿಗೆ "ಇಲ್ಲಿ ಏನೋ ಇದೆ" ಎಂದು ಗೊತ್ತಾಗಬೇಕು. ಮೇಲಿನಿಂದ ಒಂದಡಿಗೆ ಎಚ್ಚರಿಕೆಯ ಟೇಪು ಹಾಸಿದರೆ ಇನ್ನೂ ಒಳ್ಳೆಯದು. ಕರಾವಳಿಯವರು ಸಮುದ್ರದ ಮರಳು ತುಂಬಬೇಡಿ, ಹೊಳೆಯದ್ದೇ ಆಗಬೇಕು.

ತೋಟದೊಳಗೆ ಹಾಯುವುದಾದರೆ ಸಾಲಿನ ನಡುವೆ ಹೋಗಿ. ಒಂಬತ್ತಡಿ ಅಂತರದ ತೋಟದಲ್ಲಿ ನಡು ಹಿಡಿದರೆ ಎರಡೂ ಬುಡಕ್ಕೆ ನಾಲ್ಕೂವರೆ ಅಡಿ ಸಿಗುತ್ತದೆ, ಬೇರಿಗೂ ಪೆಟ್ಟು ಕಡಿಮೆ. ಅಗಳ, ಬಸಿಗಾಲುವೆ ದಾಟುವಲ್ಲಿ ಮಾತ್ರ ಜಿಐ ಪೈಪಿನೊಳಗೆ ಹಾಯಿಸಿ. ಪ್ರತಿ ವರ್ಷ ಕಾಲುವೆ ಬಿಡಿಸುವಾಗ ಗುದ್ದಲಿ ಬೀಳುವುದು ಅಲ್ಲಿಯೇ. ನೆಲದಡಿಯಲ್ಲಿ ಜೋಡಣೆ ಬೇಡವೇ ಬೇಡ. ಎರಡು ತುಂಡಿದೆ, ಅಗ್ಗಕ್ಕೆ ಕೊಡುತ್ತೇನೆ ಎಂದು ಅಂಗಡಿಯವರು ಹೇಳಿದರೂ ಬೇಡ.

ತಾಮ್ರವೋ ಅಲ್ಯೂಮಿನಿಯಮ್ಮೋ

ಅಲ್ಯೂಮಿನಿಯಂ 10ರ ಕೇಬಲ್ಲಿಗೂ ತಾಮ್ರದ 6ರ ಕೇಬಲ್ಲಿಗೂ ರೆಸಿಸ್ಟೆನ್ಸ್ ಒಂದೇ, ಕಿಲೋಮೀಟರಿಗೆ 3.08. ಅಲ್ಯೂಮಿನಿಯಂ 16 ತಾಮ್ರದ 10ರ ಹತ್ತಿರ ಬರುತ್ತದೆ. ಹಾಗಿದ್ದೂ ಅಲ್ಯೂಮಿನಿಯಮ್ಮಿನದು ಎಷ್ಟೋ ಅಗ್ಗ. ನೂರು ಮೀಟರ್ ಆಚೆಯ ಪಂಪ್‌ಹೌಸಿಗೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ.

ಅದರ ರೋಗ ಇರುವುದು ತುದಿಯಲ್ಲಿ. ಗಾಳಿ ತಾಗಿದ ಅಲ್ಯೂಮಿನಿಯಂ ಮೇಲೆ ಕೂಡಲೇ ಒಂದು ಪದರ ಕಟ್ಟುತ್ತದೆ, ಅದರಲ್ಲಿ ಕರೆಂಟು ಹಾಯುವುದಿಲ್ಲ. ಸ್ಕ್ರೂ ಒತ್ತಡಕ್ಕೆ ತಂತಿ ಚಪ್ಪಟೆಯಾಗಿ ಸಡಿಲವಾಗುತ್ತದೆ, ಸಡಿಲವಾದದ್ದು ಬಿಸಿಯಾಗುತ್ತದೆ. ಸರಿಯಾದ ಲಗ್ (ತಂತಿಯ ತುದಿಗೆ ಕೂರಿಸುವ ಲೋಹದ ಟೊಪ್ಪಿ) ಒತ್ತಿಸಿ, ತಾಮ್ರದ ಜೊತೆ ಸೇರುವಲ್ಲಿ ಎರಡೂ ಲೋಹ ಸೇರಿದ ಬೈಮೆಟಲ್ ಲಗ್ ಹಾಕಿಸಿ, ವರ್ಷಕ್ಕೊಮ್ಮೆ ಬಿಗಿ ನೋಡಿಸಿದರೆ ಬಾಳುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳಲ್ಲಿ ಸಮುದ್ರದ ಬದಿಯ ಮನೆಗಳಿಗೆ ಅಷ್ಟು ನಂಬಿಕೆ ನನಗಿಲ್ಲ. ಉಪ್ಪಿನ ಗಾಳಿಯಲ್ಲಿ ಆ ತುದಿಗಳು ಬೇಗ ಬೂದು ಪುಡಿ ಹಿಡಿಯುತ್ತವೆ. ಅಲ್ಲಿ ತಾಮ್ರ. ಆರ್ಮರ್ಡ್ ಹಾಕಿದರೂ ಪೈಪಿನೊಳಗೆ ಹಾಕಿ, ಇಲ್ಲವೇ ಆರ್ಮರ್ ಬಿಟ್ಟು ತಾಮ್ರದ ಫ್ಲ್ಯಾಟ್ ಕೇಬಲ್ಲನ್ನು ಡಿಡಬ್ಲ್ಯುಸಿ ಪೈಪಿನಲ್ಲಿ ಎಳೆಯಿರಿ. ಹೊರಕವಚಕ್ಕೆ ಒಂದು ಗೀರು ಬಿದ್ದರೂ ಉಪ್ಪು ನೀರು ಉಕ್ಕಿನೊಳಗೆ ಊರುತ್ತ ಹೋಗುತ್ತದೆ. ಮರಳಿನಲ್ಲಿ ತೋಡುವುದು ಸುಲಭ, ಆದ್ದರಿಂದ ಉಳಿದ ದುಡ್ಡನ್ನು ತಾಮ್ರಕ್ಕೆ ಹಾಕಿ.

ಚಿರೆಕಲ್ಲಿನ ಹಾಸಿನವರಿಗೆ ಬೇರೆ ದಾರಿ. ಎರಡೂವರೆ ಅಡಿಗೆ ಕಲ್ಲು ಒಡೆಸುವ ಹಟ ಬೇಡ. ಸಿಕ್ಕಷ್ಟು ತೋಡಿ, ದಪ್ಪ ಜಿಐ ಪೈಪಿನಲ್ಲಿ ಕೇಬಲ್ ಹಾಯಿಸಿ, ಮೇಲೆ ಕಾಂಕ್ರೀಟು ಎರೆದು ಮುಚ್ಚಿ. ಆ ಉದ್ದಕ್ಕೆ ಮಾತ್ರ. ಮಣ್ಣು ಸಿಗುವಲ್ಲಿ ಮತ್ತೆ ಪೂರ್ತಿ ಆಳ.

ಎರಡು ತುದಿಗಳ ಬಗ್ಗೆ ಒಂದಿಷ್ಟು

ಕೇಬಲ್ ಎಷ್ಟೇ ಒಳ್ಳೆಯದಿರಲಿ, ಕೊಟ್ಟಿಗೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಹಳಬರ ಬಾಯಲ್ಲಿ ಇಎಲ್‌ಸಿಬಿ) ಇಲ್ಲದಿದ್ದರೆ ಈ ಕೆಲಸ ಅರ್ಧವೇ. ಒದ್ದೆ ನೆಲ, ನಾಲ್ಕು ಕಾಲು, ಕಬ್ಬಿಣದ ಸರಪಳಿ. ನಮಗೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆಗೆ ದನ ಬೆದರುತ್ತದೆ, ಹಾಲು ಇಳಿಸುವುದಿಲ್ಲ, ನೀರಿನ ತೊಟ್ಟಿಗೆ ಮೂತಿ ಹಾಕುವುದಿಲ್ಲ. ಕೊಟ್ಟಿಗೆಯ ಬದಿಗೇ ಒಂದು ಅರ್ತ್ ಗುಂಡಿ ಮಾಡಿಸಿ, ಕೇಬಲ್ಲಿನ ಅರ್ತ್ ಎಳೆಯನ್ನೂ ಅದಕ್ಕೆ ಸೇರಿಸಿ. ಚಿರೆ ನೆಲ ಬೇಸಿಗೆಯಲ್ಲಿ ಒಣಗಿದರೆ ಅರ್ತ್ ಸತ್ತ ಹಾಗೆಯೇ, ಹಾಗಾಗಿ ದನಕ್ಕೆ ನೀರು ಕೊಡುವಾಗ ಒಂದು ಬಿಂದಿಗೆ ಗುಂಡಿಗೂ ಹೋಗಲಿ. ನ್ಯೂಟ್ರಲ್ ಮತ್ತು ಅರ್ತನ್ನು ಕೊಟ್ಟಿಗೆಯಲ್ಲಿ ಒಟ್ಟು ಸೇರಿಸುವವರಿದ್ದಾರೆ, ಹಾಗೆ ಮಾಡಲು ಬಿಡಬೇಡಿ.

ಮನೆಯ ತುದಿಯಲ್ಲಿ ಈ ಲೈನಿಗೆ ಅದರದ್ದೇ ಎರಡು ಪೋಲಿನ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಎಂಸಿಬಿ ಬೇಕು. ಈ ಲೈನನ್ನು ಮನೆಯ ಆರ್‌ಸಿಸಿಬಿಗೆ ಹೋಗುವ ಮೊದಲೇ ಕವಲು ತೆಗೆಸಿ. ಇಲ್ಲದಿದ್ದರೆ ಕೊಟ್ಟಿಗೆಯಲ್ಲಿ ಇಲಿ ವಯರ್ ಕಡಿದ ರಾತ್ರಿ ಇಡೀ ಮನೆ ಕತ್ತಲೆ. ಏಪ್ರಿಲ್ ಮೇ ತಿಂಗಳ ಗುಡುಗಿನ ಮಳೆಗೆ ನೆಲದಡಿಯ ಕೇಬಲ್ಲೂ ಪೂರ್ತಿ ರಕ್ಷಣೆ ಅಲ್ಲ. ಮಿಂಚಿನ ಹೊಡೆತ ಕಂಬದ ಲೈನಿನಿಂದ ಒಳಗೆ ಬರುತ್ತದೆ, ಒಂದು ಸರ್ಜ್ ಅರೆಸ್ಟರ್ ಇರಲಿ.

ಇನ್ನು ಆ ಕಪ್ಪೆಯ ವಿಷಯ. ಪೈಪನ್ನು ಎಂದೂ ನೇರ ಬೋರ್ಡಿಗೆ ಹತ್ತಿಸಬೇಡಿ. ಕೊಟ್ಟಿಗೆಯ ಹೊರಗೆ ಒಂದು ಸಣ್ಣ ಗುಂಡಿ ಕಟ್ಟಿ, ಪೈಪು ಅಲ್ಲಿಗೆ ಮುಗಿಯಲಿ, ನೀರು ಅಲ್ಲೇ ಇಂಗಲಿ. ಅಲ್ಲಿಂದ ಕೇಬಲ್ ಮಾತ್ರ ಮೇಲೆ ಹತ್ತಲಿ. ಮನೆಯ ಬದಿಯ ಪೈಪಿನ ಬಾಯನ್ನೂ ಮುಚ್ಚಿ.

ಯಾರಿಗೆ ಯಾವುದು

ಘಟ್ಟದ ಮೇಲೆ, 60 ಮೀಟರಿನೊಳಗೆ, ದೀಪ ಮತ್ತು 2 ಎಚ್‌ಪಿ ಮೋಟರ್ ಇರುವ ಕೊಟ್ಟಿಗೆ ಅಥವಾ ಅಡಿಕೆ ಮನೆಗೆ: ತಾಮ್ರದ ಮೂರು ಎಳೆ 6ರ ಆರ್ಮರ್ಡ್. ಕೈ ಬಿಗಿಯಿದ್ದರೆ ಅಲ್ಯೂಮಿನಿಯಂ 10ರದ್ದು, ತುದಿಯ ಲಗ್ಗಿನಲ್ಲಿ ಮಾತ್ರ ಉಳಿತಾಯ ಬೇಡ. ಇನ್ನೂ ಬಿಗಿ, ಮೋಟರ್ ಈಗಲೇ ಬೇಡ ಎಂದಾದರೆ ಎರಡೂವರೆಯ ಫ್ಲ್ಯಾಟ್ ಕೇಬಲ್ಲನ್ನು ಒಂದೂವರೆ ಇಂಚಿನ ಪೈಪಿನಲ್ಲಿ ಹಾಕಿ. ಮೋಟರ್ ಬಂದ ವರ್ಷ ಅದೇ ಪೈಪಿನಲ್ಲಿ ದಪ್ಪದ್ದನ್ನು ಎಳೆದರಾಯ್ತು. ಬಾಡಿಗೆ ಕೋಣೆ ಕಟ್ಟುತ್ತಿರುವವರು 10ರ ತಾಮ್ರಕ್ಕಿಂತ ಕೆಳಗೆ ಇಳಿಯಬೇಡಿ. ಮನೆಗೆ ತ್ರೀ ಫೇಸ್ ಇದ್ದರೆ ನಾಲ್ಕು ಎಳೆಯ ಕೇಬಲ್ ಮತ್ತು ಬೇರೆ ಅರ್ತ್ ತಂತಿ, ಆಗ ಇಷ್ಟು ದಪ್ಪ ಬೇಕಾಗುವುದಿಲ್ಲ.

ದೂರ 150 ಮೀಟರ್ ಮೀರಿ, ಬೇಕಾದ್ದು ಎರಡು ದೀಪ ಮಾತ್ರ ಎಂದರೆ ಬೆಂಗಳೂರಿನ ಮಗ ಹೇಳಿದ್ದು ಸರಿ, ಸೋಲಾರ್ ಹಾಕಿಸಿ. ಆದರೆ ನಮ್ಮಲ್ಲಿ ಜೂನ್‌ನಿಂದ ಆಗಸ್ಟ್ ತನಕ ಬಿಸಿಲೆಂಬುದು ನೆಂಟರ ಹಾಗೆ ಬಂದು ಹೋಗುತ್ತದೆ. ಬ್ಯಾಟರಿ ದೊಡ್ಡದು ಬೇಕು. ಮೋಟರಿಗೆ ಅದನ್ನು ನಂಬಬೇಡಿ.

ಮೀಟರಿನ ವಿಷಯ ಕಡೆಗಣಿಸಬೇಡಿ. ಮೋಟರ್ ಸೇರಿಸಿದರೆ ಮನೆಯ ಮಂಜೂರಾದ ಲೋಡು ಸಾಕೇ ಎಂದು ಹೆಸ್ಕಾಂ ಬಿಲ್ಲಿನಲ್ಲೇ ನೋಡಿ, ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಕೊಡಿ. ಗೃಹಜ್ಯೋತಿಯವರು 200 ಯುನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು, ಸುಲಿಯುವ ಯಂತ್ರ ಓಡುವ ತಿಂಗಳಲ್ಲಿ ಅದು ಆಗಬಹುದು. ತೋಟದ ಪಂಪ್‌ಸೆಟ್ಟಿಗೆ 10 ಎಚ್‌ಪಿ ತನಕ ಉಚಿತ ಎಂದು ಆ ಲೈನಿನಿಂದ ಕೊಟ್ಟಿಗೆಗೋ ಕೋಣೆಗೋ ಕರೆಂಟು ಎಳೆಯುವುದು 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿಗೆ, ಅಂದರೆ ಅನಧಿಕೃತ ಬಳಕೆಗೆ, ಬರುತ್ತದೆ. ಕೋಣೆಗಾದರೆ ಬೇರೆ ಮೀಟರೇ ಲೇಸು.

ಯಾವುದನ್ನೇ ಆರಿಸಿ, ಕಾಲುವೆ ತೆರೆದಿರುವಾಗ ಒಂದು ಖಾಲಿ ಪೈಪು ಹೆಚ್ಚಿಗೆ ಹಾಕಿ, ಒಳಗೆ ನೈಲಾನ್ ಹಗ್ಗ ಬಿಟ್ಟು ಎರಡೂ ಬಾಯಿ ಮುಚ್ಚಿ. ಮಳೆಗಾಲದಲ್ಲಿ ಮೂರು ದಿನ ಕರೆಂಟು ಹೋದಾಗ ಕೊಟ್ಟಿಗೆಗೆ ಇನ್ವರ್ಟರಿನದೊಂದು ದೀಪ ಬೇಕು ಅನಿಸುತ್ತದೆ. ಅದಕ್ಕೆ ಬೇರೆ ಫೇಸು, ಬೇರೆ ನ್ಯೂಟ್ರಲ್ ಇರುವ ಸಣ್ಣ ಕೇಬಲ್ ಬೇಕು, ಇದೇ ಲೈನಿನ ನ್ಯೂಟ್ರಲ್ ಹಂಚಿಕೊಂಡರೆ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತದೆ.

ಕೆಲಸಕ್ಕೆ ಒಳ್ಳೆಯ ಕಾಲ ನವೆಂಬರ್, ಡಿಸೆಂಬರ್. ಮಣ್ಣಿನಲ್ಲಿ ಇನ್ನೂ ಪಸೆಯಿರುತ್ತದೆ, ಹಾರೆ ಇಳಿಯುತ್ತದೆ. ಮೇ ತಿಂಗಳಿಗೆ ಅದೇ ಮಣ್ಣು ಕಬ್ಬಿಣ. ಕೊನೆಕೊಯ್ಲೂ ನವೆಂಬರ್, ಡಿಸೆಂಬರ್ ಹೊತ್ತಿಗೇ ಬರುವುದರಿಂದ ಆಳು ಸಿಗುವುದು ಕಷ್ಟ, ಮೊದಲೇ ಹೇಳಿಡಿ. ಮುಚ್ಚುವ ಮೊದಲು 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರು) ಹಿಡಿಸಿ. ಹೊಸ ಕೇಬಲ್ ನೂರಾರು ಮೆಗಾಓಮ್ ತೋರಿಸಬೇಕು, ಒಂದೆರಡು ತೋರಿಸಿದರೆ ಮಣ್ಣು ಎಳೆಯಬೇಡಿ. ಆಮೇಲೆ ಕಾಲುವೆ ತೆರೆದಿರುವಾಗಲೇ ಅಳತೆಯ ಟೇಪು ಹಾಸಿ, ಬಾವಿಕಟ್ಟೆಯೋ ದಣಪೆಯೋ ಕಾಣುವ ಹಾಗೆ ನಾಲ್ಕು ಫೋಟೋ ತೆಗೆದು, ಒಂದು ಪ್ರತಿ ಮಾಡಿಸಿ ಮೀಟರ್ ಬೋರ್ಡಿನ ಬಾಗಿಲಿನ ಒಳಬದಿಗೆ ಅಂಟಿಸಿ.